ಕೊಳೆತ ದ್ರಾಕ್ಷಿಯ ವೈನ್‌ಗೆ ಅಷ್ಟು ಬೆಲೆ ಯಾಕೆ?

ಪ್ರಶ್ನೆ: ನಮ್ಮದು ವಿಜಯಪುರ ಜಿಲ್ಲೆಯ ತಿಕೋಟಾ ಕಡೆ ಆರು ಎಕರೆ ದ್ರಾಕ್ಷಿ ತೋಟ. ಬೂಷ್ಟು ಹಿಡಿದ ಗೊಂಚಲು ಕಂಡರೆ ಕಿತ್ತು ಗುಂಡಿಗೆ ಹಾಕಿ ಹೂಳುತ್ತೇವೆ. ಫ್ರಾನ್ಸ್‌ನಲ್ಲಿ ಶಾತೋ ದಿಕೆಮ್ ಎನ್ನುವ ತೋಟದವರು ಬೂಷ್ಟು ಬಂದ ಹಣ್ಣಿನಿಂದಲೇ ಜಗತ್ತಿನ ಅತಿ ದುಬಾರಿ ವೈನ್‌ಗಳಲ್ಲಿ ಒಂದನ್ನು ಮಾಡುತ್ತಾರೆಂದು ಮಗ ಹೇಳುತ್ತಾನೆ. ಇದು ನಿಜವೇ? ಹೇಗೆ ಮಾಡುತ್ತಾರೆ, ಆ ತೋಟದ ಹಿನ್ನೆಲೆ ಏನು? ನಮ್ಮಲ್ಲೂ ಮಾಡಬಹುದೇ?

ಉತ್ತರ: ಮಗ ಹೇಳಿದ್ದು ನಿಜ. ಕೊನೆಯ ಪ್ರಶ್ನೆಗೆ ಮಾತ್ರ ಮೊದಲೇ ಉತ್ತರ ಹೇಳಿಬಿಡುತ್ತೇನೆ, ಆಸೆ ಕಟ್ಟಿಕೊಂಡು ಓದುವುದು ಬೇಡ: ತಿಕೋಟಾದಲ್ಲಿ ಆಗುವುದಿಲ್ಲ. ಯಾಕೆಂದು ತಿಳಿಯಬೇಕಾದರೆ ಅಲ್ಲಿ ಯಾಕೆ ಆಗುತ್ತದೆ ಅನ್ನುವುದನ್ನು ನೋಡಬೇಕು. ಅಲ್ಲೂ ಪ್ರತಿ ವರ್ಷ ಆಗುವುದಿಲ್ಲ, ಅದೂ ನೆನಪಿರಲಿ.

ಫ್ರಾನ್ಸ್‌ನ ನೈಋತ್ಯ ಮೂಲೆಯ ಬೋರ್ಡೋ ನಗರದಿಂದ ಗರೋನ್ ನದಿಯ ಗುಂಟ ಆಗ್ನೇಯಕ್ಕೆ ಸುಮಾರು 40 ಕಿಲೋಮೀಟರ್ ಹೋದರೆ ಸೋತೆರ್ನ್ ಎಂಬ ಸೀಮೆ ಸಿಗುತ್ತದೆ. ಐದು ಹಳ್ಳಿಗಳ ಪುಟ್ಟ ಸೀಮೆ. ಇಲ್ಲಿ ಸಿರೋನ್ ಎಂಬ ಚಿಕ್ಕ ಹೊಳೆ ಗರೋನ್ ನದಿಯನ್ನು ಸೇರುತ್ತದೆ. ಸಿರೋನ್ ಕಾಡಿನ ನೆರಳಲ್ಲೇ ಹರಿದು ಬರುವ ತಣ್ಣನೆಯ ನೀರು. ಗರೋನ್ ಬಿಸಿಲು ಕುಡಿದು ಬರುವ ದೊಡ್ಡ ನದಿ. ಸೆಪ್ಟೆಂಬರ್, ಅಕ್ಟೋಬರ್ ತಿಂಗಳ ರಾತ್ರಿಗಳಲ್ಲಿ ಎರಡೂ ಸೇರುವ ಕಡೆ ಮಂಜು ಏಳುತ್ತದೆ. ಬೆಳಗಿನ ಜಾವ ಪಕ್ಕದ ಸಾಲಿನ ಬಳ್ಳಿ ಕಾಣದಷ್ಟು ಮಂಜು. ಹನ್ನೊಂದು, ಹನ್ನೆರಡು ಗಂಟೆ ಹೊತ್ತಿಗೆ ಬಿಸಿಲು ಹತ್ತಿ ಗಾಳಿ ಬೀಸಿ ಎಲ್ಲ ಒಣಗುತ್ತದೆ. ಮಾರನೇ ದಿನ ಮತ್ತೆ ಮಂಜು, ಮತ್ತೆ ಬಿಸಿಲು. ನಿಮ್ಮ ಮಗ ಹೇಳಿದ ಶಾತೋ ದಿಕೆಮ್, ಅಂದರೆ ಇಕೆಮ್ ತೋಟ, ಆ ಸೀಮೆಯ ಎತ್ತರದ ದಿಬ್ಬದ ಮೇಲಿದೆ. ಮಂಜು ಅಲ್ಲಿಗೂ ಏರುತ್ತದೆ, ಗಾಳಿಯೂ ಅಲ್ಲಿ ಚೆನ್ನಾಗಿ ಆಡುತ್ತದೆ.

ಬೆಳಗಿನ ತೇವದಲ್ಲಿ ಬೋಟ್ರಿಟಿಸ್ ಸಿನೇರಿಯಾ ಎಂಬ ಶಿಲೀಂಧ್ರ ಹಣ್ಣಿನ ಮೇಲೆ ಹತ್ತಿಕೊಳ್ಳುತ್ತದೆ. ಹೆಸರು ಹೊಸದಾಗಿ ಕೇಳಿಸಬಹುದು, ಪ್ರಾಣಿ ಹಳೆಯದೇ. ಮಳೆಗಾಲದಲ್ಲಿ ಸ್ಟ್ರಾಬೆರಿ, ಗುಲಾಬಿ ಮೊಗ್ಗುಗಳ ಮೇಲೆ ಕಾಣುವ ಬೂದು ಬಣ್ಣದ ಬೂಷ್ಟು ಇದೇ. ಇದರ ಎಳೆಗಳು ಕಣ್ಣಿಗೆ ಕಾಣದಷ್ಟು ಸಣ್ಣ ತೂತು ಕೊರೆದು ಸಿಪ್ಪೆಯೊಳಗೆ ಇಳಿಯುತ್ತವೆ. ಮಧ್ಯಾಹ್ನದ ಬಿಸಿಲಿಗೆ ಆ ತೂತುಗಳ ಮೂಲಕ ಹಣ್ಣಿನ ನೀರು ಆವಿಯಾಗಿ ಹೋಗುತ್ತದೆ, ಸಕ್ಕರೆ ಹುಳಿ ಎರಡೂ ಗಟ್ಟಿಯಾಗುತ್ತವೆ. ನಮ್ಮ ಆಲೆಮನೆಯಲ್ಲಿ ಕೊಪ್ಪರಿಗೆಯ ಕೆಳಗೆ ಬೆಂಕಿ ಹಾಕಿ ಮಾಡುವ ಕೆಲಸವನ್ನು ಅಲ್ಲಿ ಬೂಷ್ಟು ಮತ್ತು ಬಿಸಿಲು ಸೇರಿ, ಬಳ್ಳಿಯ ಮೇಲೇ, ಒಂದೊಂದು ಹಣ್ಣಿನೊಳಗೆ ಮಾಡುತ್ತವೆ.

ಆಲೆಮನೆಗಿಂತ ಒಂದು ಹೆಜ್ಜೆ ಮುಂದೆಯೂ ಹೋಗುತ್ತವೆ. ಶಿಲೀಂಧ್ರ ತಾನೂ ತಿನ್ನಬೇಕಲ್ಲ? ಸಕ್ಕರೆಯನ್ನಷ್ಟೇ ಅಲ್ಲದೆ ಹಣ್ಣಿನ ಹುಳಿಯ ಒಂದು ಪಾಲನ್ನೂ ತಿನ್ನುತ್ತದೆ. ಬದಲಿಗೆ ಗ್ಲಿಸರಾಲ್ ಮತ್ತು ಹಲವು ಹೊಸ ಪರಿಮಳಗಳನ್ನು ಬಿಟ್ಟುಹೋಗುತ್ತದೆ. ಹಣ್ಣನ್ನು ಸುಮ್ಮನೆ ಒಣಗಿಸಿದರೆ ನಿಮ್ಮ ಊರಿನ ಒಣದ್ರಾಕ್ಷಿಯ ರುಚಿ ಬರುತ್ತದೆ. ಬೋಟ್ರಿಟಿಸ್ ಬಂದರೆ ಒಣ ಏಪ್ರಿಕಾಟ್, ಕಿತ್ತಳೆ ಸಿಪ್ಪೆಯ ಮುರಬ್ಬ, ಜೇನು, ಕೇಸರಿ, ಇವೆಲ್ಲ ಸೇರಿದ ಬೇರೆಯದೇ ಘಮ. ಫ್ರೆಂಚರು ಇದಕ್ಕೆ ‘ಪೂರಿತ್ಯೂರ್ ನೋಬ್ಲ್’ ಅನ್ನುತ್ತಾರೆ, ಮಾನವಂತ ಕೊಳೆ ಎಂದಿಟ್ಟುಕೊಳ್ಳಿ. ಅದೇ ಶಿಲೀಂಧ್ರ ಮಳೆ ಹಿಡಿದುಕೊಂಡ ವಾರದಲ್ಲಿ ಬಂದರೆ, ಅಥವಾ ಹಣ್ಣು ಮಾಗುವ ಮೊದಲೇ ಬಂದರೆ, ಮಾನವೂ ಇಲ್ಲ ಮರ್ಯಾದೆಯೂ ಇಲ್ಲ: ಹಣ್ಣು ಒಡೆದು, ಹುಳಿತು, ಬರೀ ಬೂದು ಕೊಳೆ. ಕೈಗೆ ಸಿಗುವುದು ನಿಮ್ಮ ಗುಂಡಿಗೆ ಹೋಗುವ ಮಾಲೇ.

ಈಗ ಕೊಯ್ಲಿನ ಮಾತು. ಈ ತೋಟದ ನಿಜವಾದ ವಿದ್ಯೆ ಇರುವುದೇ ಇಲ್ಲಿ.

ಅಕ್ಟೋಬರ್ ನಡುವಿನ ಒಂದು ಗೊಂಚಲನ್ನು ಕೈಯಲ್ಲಿ ಹಿಡಿದಿದ್ದೀರಿ ಅಂದುಕೊಳ್ಳಿ. ಮೇಲ್ಭಾಗದ ನಾಲ್ಕು ಹಣ್ಣು ಇನ್ನೂ ಹೊಂಬಣ್ಣ, ಗಟ್ಟಿ. ಪಕ್ಕದವು ಚಾಕೊಲೇಟ್ ಬಣ್ಣಕ್ಕೆ ತಿರುಗಿವೆ, ಆದರೆ ಉಬ್ಬಿಕೊಂಡೇ ಇವೆ. ಇವನ್ನು ‘ಪೂರಿ ಪ್ಲೆನ್’, ಪೂರ್ತಿ ಕೊಳೆತದ್ದು, ಅನ್ನುತ್ತಾರೆ. ಹೆಸರು ಹಾಗಿದ್ದರೂ ಕೊಯ್ಯುವ ಹದ ಬಂದಿಲ್ಲ. ಕೆಳಗೆ ತುದಿಯಲ್ಲಿ ಐದಾರು ಹಣ್ಣು ಮುದುಡಿ, ಸುಕ್ಕುಗಟ್ಟಿ, ಬೂದಿ ಎರಚಿದ ಹಾಗೆ ಕಾಣುತ್ತಿವೆ. ಅವು ‘ಪೂರಿ ರೋತಿ’, ಹುರಿದ ಹಾಗೆ ಕೊಳೆತದ್ದು. ಬೇಕಾಗಿರುವುದು ಆ ಐದಾರೇ. ಒಳಗೆಲ್ಲೋ ಒಂದು ಹಣ್ಣು ವಿನೆಗರ್ ವಾಸನೆ ಹೊಡೆಯುತ್ತಿರಬಹುದು, ಅದನ್ನು ಮೂಗಿನಿಂದ ಪತ್ತೆಮಾಡಿ ಕಿತ್ತು ನೆಲಕ್ಕೆ ಎಸೆಯಬೇಕು. ಕೊಯ್ಯುವವರ ಕೈಯಲ್ಲಿ ಮೊನಚು ತುದಿಯ ಸಣ್ಣ ಕತ್ತರಿ. ಬೇಕಾದ ಹಣ್ಣುಗಳನ್ನು ಬಿಡಿಸಿ ಬುಟ್ಟಿಗೆ ಹಾಕಿ, ಉಳಿದ ಗೊಂಚಲನ್ನು ಬಳ್ಳಿಯಲ್ಲೇ ಬಿಟ್ಟು ಮುಂದಕ್ಕೆ ಹೋಗುತ್ತಾರೆ. ಕೆಲವು ದಿನ ಬಿಟ್ಟು ಅದೇ ಬಳ್ಳಿಗೆ ಮತ್ತೆ ಬರುತ್ತಾರೆ.

ಹೀಗೆ ಒಂದು ಸುತ್ತಿಗೆ ಒಂದು ‘ತ್ರಿ’. ಸಾಧಾರಣವಾಗಿ ಐದಾರು ತ್ರಿ ಆಗುತ್ತವೆ, ಕೆಟ್ಟ ವರ್ಷಗಳಲ್ಲಿ ಇನ್ನೂ ಹೆಚ್ಚು. ಸುಮಾರು 150 ಜನ ಕೊಯ್ಯುವವರನ್ನು ಆರೇಳು ವಾರ ಹಿಡಿದಿಟ್ಟುಕೊಳ್ಳಬೇಕು. ಮಳೆ ಬಂದ ದಿನ ಕೆಲಸವಿಲ್ಲ, ಹದ ಬಾರದ ದಿನವೂ ಇಲ್ಲ, ಆದರೆ ಜನ ಕೈಗೆ ಸಿಗುವಂತಿರಬೇಕು. ಕೂಲಿಯಾಳು ಸಿಗದೆ ಪರದಾಡುವ ನಿಮಗೆ ಇದರ ಖರ್ಚನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಇಳುವರಿ ಕೇಳಿದರೆ ನಗು ಬರುತ್ತದೆ. ಫಲ ಕೊಡುವ ಸುಮಾರು 100 ಹೆಕ್ಟೇರಿನಲ್ಲಿ ಹೆಕ್ಟೇರಿಗೆ ಸರಾಸರಿ 900 ಲೀಟರ್ ವೈನ್. ಎಕರೆಗೆ 360 ಲೀಟರ್ ಚಿಲ್ಲರೆ. ನೀವು ಎಕರೆಗೆ ಹತ್ತು ಟನ್ ಹಣ್ಣು ಬಾರದಿದ್ದರೆ ತಲೆ ಮೇಲೆ ಕೈಹೊತ್ತು ಕೂರುತ್ತೀರಿ. ಅಲ್ಲಿ ಹೆಕ್ಟೇರಿಗೆ ಸುಮಾರು ಆರೂವರೆ ಸಾವಿರ ಬಳ್ಳಿ. ಭಾಗಿಸಿ ನೋಡಿ, ಬಳ್ಳಿಗೆ 140 ಮಿಲಿ ಲೀಟರ್ ಕೂಡ ಬರುವುದಿಲ್ಲ. ‘ಒಂದು ಬಳ್ಳಿಗೆ ಒಂದು ಲೋಟ’ ಎಂದು ಅವರು ಹೇಳಿಕೊಳ್ಳುವುದು ಜಾಹೀರಾತಿನ ಮಾತಿನ ಹಾಗೆ ಕೇಳಿಸಿದರೂ ಲೆಕ್ಕ ಸರಿಯಾಗಿಯೇ ಇದೆ.

ತಳಿ ಎರಡೇ. ಮುಕ್ಕಾಲು ಪಾಲು ಸೆಮಿಯೋನ್, ಸಿಪ್ಪೆ ತೆಳು, ಬೂಷ್ಟು ಬೇಗ ಹತ್ತುತ್ತದೆ. ಉಳಿದ ಕಾಲು ಪಾಲು ಸೋವಿನ್ಯೋ ಬ್ಲಾಂ, ಹುಳಿಗೂ ಪರಿಮಳಕ್ಕೂ. ನೆಲದ ಮೇಲ್ಪದರದಲ್ಲಿ ಗರಸು, ಅಡಿಯಲ್ಲಿ ನೀರು ಹಿಡಿದಿಡುವ ಜೇಡಿ. ಬೇರಿಗೆ ನೀರು ಕಟ್ಟದಿರಲೆಂದು ಹತ್ತೊಂಬತ್ತನೇ ಶತಮಾನದಲ್ಲೇ ಮಣ್ಣಿನ ಕೊಳವೆಗಳನ್ನು ಹೂತಿದ್ದಾರೆ. ಒಟ್ಟು ಉದ್ದ ಸುಮಾರು 100 ಕಿಲೋಮೀಟರ್. ಒಂದೇ ತೋಟದಲ್ಲಿ!

ಹಣ್ಣು ಹಿಂಡುವಾಗ ನಮ್ಮಂಥ ವೈನ್ ಕೆಲಸದವರಿಗೆ ತಲೆಕೆಳಗಾಗಿ ಕಾಣುವ ಸಂಗತಿ ಒಂದಿದೆ. ಬೇರೆ ಕಡೆಯೆಲ್ಲ ಮೊದಲು ತಾನಾಗಿ ಇಳಿಯುವ ರಸವೇ ಶ್ರೇಷ್ಠ, ಕೊನೆಯಲ್ಲಿ ಒತ್ತಿ ತೆಗೆದದ್ದು ಒಗರು, ಕನಿಷ್ಠ. ಇಲ್ಲಿ ಹಾಗಿಲ್ಲ. ಮುದುಡಿದ ಹಣ್ಣು ಬೇಗ ರಸ ಬಿಡುವುದಿಲ್ಲ, ಹಾಗಾಗಿ ಮೂರು ನಾಲ್ಕು ಸಲ ಹಿಂಡುತ್ತಾರೆ. ಒಂದೊಂದು ಸಲವೂ ರಸ ಹೆಚ್ಚು ಸಿಹಿಯಾಗುತ್ತ ಹೋಗುತ್ತದೆ. ಕೊನೆಗೆ ಬರುವುದು ಹನಿ ಲೆಕ್ಕದಲ್ಲಿ, ಜೋನಿ ಬೆಲ್ಲದ ಹಾಗೆ.

ಈ ರಸದಲ್ಲಿ ಲೀಟರಿಗೆ 340 ಗ್ರಾಂ ಸುಮಾರಿಗೆ ಸಕ್ಕರೆ ಇರುತ್ತದೆ. ಬಿಳಿ ವೈನಿನಲ್ಲಿ ಶೇಕಡಾ 1 ಆಲ್ಕೋಹಾಲ್ ಬರಲು ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆ ಬೇಕು. ಪೂರ್ತಿ ಹುದುಗಿದರೆ ಶೇಕಡಾ 20 ಬರಬೇಕಿತ್ತು. ಬರುವುದಿಲ್ಲ. ಶೇಕಡಾ 13.5 ಅಥವಾ 14ರ ಹತ್ತಿರ ಯೀಸ್ಟ್ ಸುಸ್ತಾಗಿ ನಿಲ್ಲುತ್ತದೆ. ಒಂದು ಕಡೆ ಆಲ್ಕೋಹಾಲ್, ಇನ್ನೊಂದು ಕಡೆ ಉಪ್ಪಿನಕಾಯಿ ಜಾಡಿಯಲ್ಲಿ ಉಪ್ಪು ಮಾಡುವ ಹಾಗೆ ಸಕ್ಕರೆಯ ಒತ್ತಡ, ಜೊತೆಗೆ ಬೂಷ್ಟು ತಾನೇ ಬಿಟ್ಟಿರುವ, ಯೀಸ್ಟ್‌ಗೆ ಆಗದ ಬೋಟ್ರಿಟಿಸಿನ್ ಎಂಬ ವಸ್ತು. ಹೀಗೆ ಲೀಟರಿಗೆ ನೂರು ಗ್ರಾಂಗೂ ಹೆಚ್ಚು ಸಕ್ಕರೆ ವೈನಿನಲ್ಲೇ ಉಳಿಯುತ್ತದೆ. ಹೊರಗಿನಿಂದ ಚಮಚ ಸಕ್ಕರೆ ಹಾಕಿದ್ದಲ್ಲ. ಇಷ್ಟು ಸಿಹಿಯಿದ್ದೂ ಬಾಯಿ ಕಟ್ಟದಿರುವುದಕ್ಕೆ ಹುಳಿಯೇ ಕಾರಣ. ಒಮ್ಮೆ ಸಹೋದ್ಯೋಗಿಯೊಬ್ಬರ ಮನೆಯಲ್ಲಿ ಅರ್ಧ ಬಾಟಲಿಯನ್ನು ನಾವು ಏಳು ಜನ ಹಂಚಿಕೊಂಡಿದ್ದೆವು. ನನ್ನ ಪಾಲಿಗೆ ಬಂದದ್ದು ಮೂರು ಗುಟುಕು. ಮೊದಲು ಜೇನಿನ ಹಾಗೆ ಬಂತು, ನುಂಗಿದ ಮೇಲೆ ನಿಂಬೆ ಹಿಂಡಿದ ಹಾಗೆ ನಾಲಿಗೆ ಶುಭ್ರವಾಯಿತು. ಐದು ನಿಮಿಷ ಕಳೆದರೂ ಕಿತ್ತಳೆ ಸಿಪ್ಪೆಯ ಘಮ ಬಾಯಲ್ಲೇ ಇತ್ತು. ದುಡ್ಡಿಗೆ ತಕ್ಕದ್ದೇ ಎಂದು ಕೇಳಬೇಡಿ, ದುಡ್ಡು ಕೊಟ್ಟವನು ನಾನಲ್ಲ.

ಹುದುಗುವುದು 225 ಲೀಟರಿನ ಹೊಸ ಓಕ್ ಪೀಪಾಯಿಗಳಲ್ಲಿ. ಒಂದೊಂದು ದಿನದ ಕೊಯ್ಲೂ ಬೇರೆ ಬೇರೆ. ಆಮೇಲೆ ಎರಡು ವರ್ಷದ ಆಸುಪಾಸು ಪೀಪಾಯಿಯಲ್ಲೇ ಇರುತ್ತದೆ. ಹಿಂದೆ ಮೂರೂವರೆ ವರ್ಷ ಇಡುತ್ತಿದ್ದರು. ಆವಿಯಾಗಿ ಕಡಿಮೆಯಾದಷ್ಟನ್ನು ವಾರವಾರವೂ ತುಂಬುತ್ತಿರಬೇಕು. ಕಡೆಗೆ ರುಚಿ ನೋಡಿ, ಯಾವ ಪೀಪಾಯಿ ಇಕೆಮ್ ಹೆಸರಿಗೆ ತಕ್ಕದ್ದು, ಯಾವುದು ಅಲ್ಲ ಎಂದು ತೀರ್ಮಾನ. ಅಲ್ಲದ್ದು ಹೆಸರಿಲ್ಲದೆ ಸಗಟು ವ್ಯಾಪಾರಿಗಳಿಗೆ ಹೋಗುತ್ತದೆ.

ಇನ್ನು ಇತಿಹಾಸ. ಹನ್ನೆರಡನೇ ಶತಮಾನದಿಂದ 1453ರವರೆಗೆ ಈ ಸೀಮೆ ಇಂಗ್ಲೆಂಡಿನ ದೊರೆಗಳ ಕೈಯಲ್ಲಿತ್ತು. ಆಮೇಲೆ ಫ್ರಾನ್ಸ್‌ಗೆ ಸೇರಿತು. 1593ರಲ್ಲಿ ಜಾಕ್ ಸೋವಾಜ್ ಎಂಬ ಸ್ಥಳೀಯ ಗೌರವಸ್ಥ ಇಕೆಮ್ ಅನ್ನು ಗೇಣಿಯ ಹಾಗೆ ಪಡೆದುಕೊಂಡ. ಪೂರ್ತಿ ಒಡೆತನ ಅವನ ವಂಶಕ್ಕೆ ಬಂದದ್ದು 1711ರಲ್ಲಿ. 1785ರಲ್ಲಿ ಮನೆಮಗಳು ಫ್ರಾನ್ಸ್ವಾಸ್ ಜೋಸೆಫೀನ್, ಲುರ್ ಸಾಲ್ಯೂಸ್ ಮನೆತನದ ಕೌಂಟ್ ಲೂಯಿ ಅಮೆದೆಯನ್ನು ಮದುವೆಯಾದಳು. ಮೂರೇ ವರ್ಷಕ್ಕೆ ಗಂಡ ಕುದುರೆಯಿಂದ ಬಿದ್ದು ಸತ್ತ. ಮಾರನೇ ವರ್ಷ ಫ್ರೆಂಚ್ ಕ್ರಾಂತಿ. ಜಮೀನ್ದಾರರ ತಲೆ ಉರುಳುತ್ತಿದ್ದ ಕಾಲದಲ್ಲಿ, ಎಳೆ ಮಕ್ಕಳನ್ನು ಕಟ್ಟಿಕೊಂಡ ಇಪ್ಪತ್ತರ ವಿಧವೆ ಎರಡು ಸಲ ಜೈಲಿಗೆ ಹೋಗಿಬಂದು ತೋಟ ಉಳಿಸಿಕೊಂಡಳು. 1826ರಲ್ಲಿ ತೋಟದಲ್ಲೇ ಉಗ್ರಾಣ ಕಟ್ಟಿಸಿದಳು. ಇಕೆಮ್ ಅನ್ನು ಕಟ್ಟಿದ್ದು ಯಾರು ಎಂದು ನನ್ನನ್ನು ಕೇಳಿದರೆ, ಆಮೇಲೆ ಬಂದ ಮಾರ್ಕ್ವಿಸ್‌ಗಳಿಗಿಂತ ಮೊದಲು ಈಕೆಯ ಹೆಸರು ಹೇಳುತ್ತೇನೆ.

ಅವಳ ಗಂಡ ಬದುಕಿದ್ದಾಗಲೇ ದೊಡ್ಡ ಗಿರಾಕಿಯೊಬ್ಬರು ಸಿಕ್ಕಿದ್ದರು. ಅಮೆರಿಕದ ರಾಯಭಾರಿಯಾಗಿ ಪ್ಯಾರಿಸಿನಲ್ಲಿದ್ದ ಥಾಮಸ್ ಜೆಫರ್‌ಸನ್ 1787ರ ಮೇ ತಿಂಗಳಲ್ಲಿ ಬೋರ್ಡೋಗೆ ಬಂದುಹೋದವರು, ಆ ವರ್ಷದ ಕೊನೆಯಲ್ಲಿ ಕಾಗದ ಬರೆದು 1784ರ ವೈನಿನ 250 ಬಾಟಲಿ ತರಿಸಿಕೊಂಡರು. ನಡುವಿನ ವ್ಯಾಪಾರಿಗಳು ಕಲಬೆರಕೆ ಮಾಡುತ್ತಾರೆಂಬ ಗುಮಾನಿ, ಹಾಗಾಗಿ ತೋಟದಲ್ಲೇ ಬಾಟಲಿಗೆ ತುಂಬಿಸಿ ಕಳಿಸಿ ಎಂದರು. 1790ರಲ್ಲಿ ಅಧ್ಯಕ್ಷ ವಾಷಿಂಗ್ಟನ್‌ಗೆಂದು ಇನ್ನೂ 30 ಡಜನ್, ತಮಗೆ 10 ಡಜನ್.

ಬೂಷ್ಟಿನ ವಿದ್ಯೆ ಯಾವಾಗ ಶುರುವಾಯಿತು ಎಂಬುದಕ್ಕೆ ಒಂದು ಚಂದದ ಕಥೆ ಓಡಾಡುತ್ತದೆ. 1847ರಲ್ಲಿ ಯಜಮಾನರು ರಷ್ಯಾಕ್ಕೆ ಹೋಗಿದ್ದರಂತೆ, ತಾನು ಬರುವವರೆಗೆ ಕೊಯ್ಯಬೇಡಿ ಎಂದಿದ್ದರಂತೆ, ಬರುವುದು ತಡವಾಗಿ ಹಣ್ಣೆಲ್ಲ ಬೂಷ್ಟು ಹಿಡಿಯಿತಂತೆ, ಸುಮ್ಮನೆ ಹಿಂಡಿ ನೋಡಿದರೆ ಅಮೃತವಂತೆ. ಜರ್ಮನಿಯ ಯೊಹಾನ್ನಿಸ್‌ಬರ್ಗ್ ತೋಟದವರೂ 1775ರ ಬಗ್ಗೆ ಇಂಥದ್ದೇ ಕಥೆ ಹೇಳುತ್ತಾರೆ. ಅಲ್ಲಿ ತಡವಾಗಿ ಬಂದದ್ದು ಕುದುರೆ ಸವಾರ. ನನಗೆ ಈ ‘ಅಂತೆ’ಗಳ ಮೇಲೆ ನಂಬಿಕೆಯಿಲ್ಲ. ಇಕೆಮ್‌ನವರದೇ 1666ರ ಒಂದು ದಾಖಲೆಯಲ್ಲಿ, ಈ ಹಳ್ಳಿಗಳಲ್ಲಿ ಅಕ್ಟೋಬರ್ 15ರ ಸುಮಾರಿಗೆ ಮುಂಚೆ ಕೊಯ್ಯುವ ವಾಡಿಕೆ ಇಲ್ಲ ಎಂಬ ಮಾತಿದೆ. ಆ ಮಂಜಿನ ಸೀಮೆಯಲ್ಲಿ ಅಷ್ಟು ತಡವಾಗಿ ಕೊಯ್ದರೆ ಬೂಷ್ಟು ಬಾರದೇ ಇರುತ್ತದೆಯೇ? ಹಂಗೇರಿಯ ತೊಕಾಯ್‌ನಲ್ಲಂತೂ ಹದಿನೇಳನೇ ಶತಮಾನಕ್ಕೇ ಇದು ಗೊತ್ತಿತ್ತು. ಒಬ್ಬ ದೊರೆಯ ಮರೆವಿನಿಂದ ಆದದ್ದು ಎನ್ನುವುದಕ್ಕಿಂತ, ಗೇಣಿದಾರರು ತಲೆಮಾರುಗಟ್ಟಲೆ ಎಡವಿ ಕಲಿತದ್ದು ಎನ್ನುವುದು ರೈತನಾದ ನಿಮಗೂ ಸರಿ ಅನ್ನಿಸೀತು.

1847ರ ವೈನ್ ಅದ್ಭುತವಾಗಿತ್ತು ಎನ್ನುವುದು ಬೇರೆ ಮಾತು. 1859ರಲ್ಲಿ ರಷ್ಯಾದ ಜಾರ್ ದೊರೆಯ ತಮ್ಮ ಕಾನ್‌ಸ್ಟಂಟೈನ್, ಅದರ ಒಂದು ‘ತೊನೋ’ಗೆ, ಅಂದರೆ ನಾಲ್ಕು ಪೀಪಾಯಿಗೆ, 20,000 ಚಿನ್ನದ ಫ್ರಾಂಕ್ ಕೊಟ್ಟ. ತೊನೋ ಅಂದರೆ 900 ಲೀಟರ್, ಸರಿಯಾಗಿ ಒಂದು ಹೆಕ್ಟೇರಿನ ಇಳುವರಿ. ಅಷ್ಟು ಹೊತ್ತಿಗಾಗಲೇ, 1855ರ ಪ್ಯಾರಿಸ್ ಮಹಾ ಪ್ರದರ್ಶನಕ್ಕೆಂದು ಬೋರ್ಡೋದ ದಲ್ಲಾಳಿಗಳು ಬೆಲೆಯ ಆಧಾರದ ಮೇಲೆ ತೋಟಗಳಿಗೆ ದರ್ಜೆ ಕೊಟ್ಟಾಗ, ‘ಪ್ರೀಮಿಯೆ ಕ್ರು ಸುಪೀರಿಯರ್’ ಎಂಬ ಮೆಟ್ಟಿಲ ಮೇಲೆ ಇಕೆಮ್ ಒಂದೇ ನಿಂತಿತ್ತು. ಕೆಂಪು ವೈನಿಗೆ ಹೆಸರಾದ ಲಫಿತ್, ಮಾರ್ಗೋ, ಲಾತೂರ್ ತೋಟಗಳಿಗೂ ಆ ‘ಸುಪೀರಿಯರ್’ ಸಿಗಲಿಲ್ಲ. ಇವತ್ತಿಗೂ ಆ ಮೆಟ್ಟಿಲ ಮೇಲೆ ಅದೊಂದೇ. ಬಾಳಿಕೆಯಂತೂ ಕೇಳಬೇಡಿ: 1811ರ, ಧೂಮಕೇತು ಕಂಡ ವರ್ಷದ, ಒಂದು ಬಾಟಲಿ 2011ರಲ್ಲಿ 75,000 ಪೌಂಡಿಗೆ ಮಾರಾಟವಾಯಿತು.

ಆದರೆ ಈ ತೋಟದ ಬಗ್ಗೆ ನನಗೆ ಗೌರವ ಬಂದದ್ದು ಬೇರೆ ಪಟ್ಟಿಯಿಂದ. 1910, 1915, 1930, 1951, 1952, 1964, 1972, 1974, 1992. ಇವು ಇಪ್ಪತ್ತನೇ ಶತಮಾನದಲ್ಲಿ ಇಕೆಮ್ ಹೆಸರಿನ ವೈನ್ ಹೊರಬಾರದ ವರ್ಷಗಳು. ತೋಟದಲ್ಲಿ ದ್ರಾಕ್ಷಿ ಬಿಟ್ಟಿತ್ತು, ಆಳುಗಳಿಗೆ ಕೂಲಿ ಹೋಗಿತ್ತು, ಪೀಪಾಯಿಗಳಲ್ಲಿ ವೈನೂ ಇತ್ತು. ಹದ ಬಂದಿಲ್ಲ ಎಂದು ಇಡೀ ವರ್ಷವನ್ನೇ ಬಿಟ್ಟರು. 1972 ಮತ್ತು 1974ರ ಪೆಟ್ಟು ಬಿದ್ದದ್ದಂತೂ ಸಿಹಿ ವೈನಿಗೆ ಬೇಡಿಕೆಯೇ ಕುಸಿದಿದ್ದ ಕಾಲದಲ್ಲಿ. ಅಕ್ಕಪಕ್ಕದ ತೋಟದವರು ನಷ್ಟ ತಡೆಯಲಾರದೆ ಸಿಕ್ಕಿದ್ದನ್ನು ಕೊಯ್ದು ಬಾಟಲಿಗೆ ತುಂಬುತ್ತಿದ್ದರು. ಬೂಷ್ಟು ಬಾರದ ಹಣ್ಣನ್ನೂ ಸ್ವಲ್ಪ ಸೇರಿಸಿ, ಸಿಹಿ ಕಡಿಮೆ ಇರುವ ‘ಇಗ್ರೆಕ್’ ಎಂಬ ಇನ್ನೊಂದು ವೈನನ್ನು 1959ರಿಂದ ಮಾಡುತ್ತಿದ್ದಾರೆ ನಿಜ, ಅದರಿಂದ ಇಡೀ ವರ್ಷದ ನಷ್ಟ ತುಂಬುವುದಿಲ್ಲ.

1968ರಿಂದ ಅಲೆಕ್ಸಾಂದ್ರ್ ದ ಲುರ್ ಸಾಲ್ಯೂಸ್ ಯಜಮಾನರಾಗಿದ್ದರು. ಕುಟುಂಬದಲ್ಲಿ ಪಾಲುದಾರರು ಹೆಚ್ಚಿ, ಮನಸ್ತಾಪ ಬೆಳೆದು, 1996ರಲ್ಲಿ ಅಣ್ಣ ಮತ್ತು ಇತರ ಬಂಧುಗಳು ತಮ್ಮ ಪಾಲನ್ನು ಎಲ್‌ವಿಎಂಎಚ್ ಎಂಬ ಐಷಾರಾಮಿ ವಸ್ತುಗಳ ಕಂಪನಿಗೆ ಮಾರಿದರು. ಅಲೆಕ್ಸಾಂದ್ರ್ ಕೋರ್ಟಿಗೆ ಹೋದರು. 1999ರಲ್ಲಿ ರಾಜಿಯಾಯಿತು. 2004ರವರೆಗೆ ಇವರೇ ನಡೆಸಿದರು, ಆಮೇಲೆ ಪಿಯೇರ್ ಲುರ್ತೋಂ ಬಂದರು. ಸೂಟ್‌ಕೇಸ್ ಮಾರುವ ಕಂಪನಿಗೆ ಬೂಷ್ಟಿನ ತಾಳ್ಮೆ ಎಲ್ಲಿಂದ ಬರಬೇಕು ಎಂದು ನಮ್ಮಂಥವರು ಮಾತಾಡಿಕೊಂಡದ್ದುಂಟು. 2012ರಲ್ಲಿ ಕೊಯ್ಲಿನ ವೇಳೆ ಹವಾಮಾನ ಕೈಕೊಟ್ಟಿತು. ಆ ವರ್ಷ ಇಕೆಮ್ ಇಲ್ಲ ಎಂದು ಅದೇ ಲುರ್ತೋಂ ಘೋಷಿಸಿದರು. ನಾನು ನನ್ನ ಮಾತನ್ನು ವಾಪಸ್ ತೆಗೆದುಕೊಂಡೆ.

ಈಗ ತಿಕೋಟಾಕ್ಕೆ ಬರೋಣ. ನೀವು ಅಕ್ಟೋಬರಿನಲ್ಲಿ ಚಾಟ್ನಿ ಮಾಡುತ್ತೀರಿ, ಅಂದರೆ ಬಳ್ಳಿ ಸವರುತ್ತೀರಿ, ಫೆಬ್ರುವರಿಯಿಂದ ಏಪ್ರಿಲ್ ಒಳಗೆ ಹಣ್ಣು ಇಳಿಸುತ್ತೀರಿ. ಆಗ ನಿಮ್ಮಲ್ಲಿ ಒಣ ಬಿಸಿಲು, ಮಂಜಿನ ಮಾತೇ ಇಲ್ಲ. ಬೋಟ್ರಿಟಿಸ್‌ಗೆ ಬೇಕಾದದ್ದು ಹೆಚ್ಚುಕಡಿಮೆ 20 ಡಿಗ್ರಿಯ ತಂಪು ಮತ್ತು ಬೆಳಗಿನ ತೇವ. ನಿಮ್ಮ ಆ ಬಿಸಿಲು ಒಣದ್ರಾಕ್ಷಿಗೆ ಹೇಳಿ ಮಾಡಿಸಿದ್ದು, ಇದಕ್ಕೆ ಅಲ್ಲ. ಅಕಾಲ ಮಳೆ ಬಿದ್ದು ತೇವವಾದರೂ ನಿಮ್ಮ ಹಣ್ಣಿನ ಮೇಲೆ ಬರುವುದು ಹೆಚ್ಚಾಗಿ ಬೇರೆ ಶಿಲೀಂಧ್ರ. ಬಿಸಿ ಸೀಮೆಯಲ್ಲಿ ಒಡೆದ ದ್ರಾಕ್ಷಿಗೆ ಕಪ್ಪು ಪುಡಿಯ ಹಾಗೆ ಹತ್ತುವ ಆಸ್ಪರ್‌ಜಿಲಸ್ ಜಾತಿಯ ಬೂಷ್ಟು ನೋಡಿದ್ದೀರಲ್ಲ? ಅದರಲ್ಲಿ ಕೆಲವು ಓಕ್ರಾಟಾಕ್ಸಿನ್ ಎಂಬ ವಿಷ ಬಿಡುತ್ತವೆ. ಅದು ಮೂತ್ರಪಿಂಡಕ್ಕೆ ಕೆಟ್ಟದ್ದು, ಹುದುಗಿಸಿದರೂ ಪೂರ್ತಿ ಹೋಗುವುದಿಲ್ಲ. ಕ್ರಿಸ್‌ಮಸ್‌ಗೆಂದು ಮನೆಯಲ್ಲೇ ವೈನ್ ಹಾಕುವವರಿಗೂ ಈ ಮಾತು: ಇಕೆಮ್ ಕಥೆ ಕೇಳಿ ಬೂಷ್ಟು ಹಣ್ಣನ್ನು ಜಾಡಿಗೆ ಹಾಕಬೇಡಿ. ನೀವು ಗುಂಡಿ ತೋಡಿ ಹೂಳುವುದೇ ಸರಿಯಾದ ಕ್ರಮ.

ಮಗನಿಗೆ ರುಚಿ ನೋಡುವ ಆಸೆಯಿದ್ದು, ವಿದೇಶಕ್ಕೆ ಹೋಗಿಬರುವವರು ಯಾರಾದರೂ ಇದ್ದರೆ, ಇಕೆಮ್ ತರಿಸಬೇಡಿ. ಅಲ್ಲೇ ಒಂದು ಬಾಟಲಿಗೆ ಮುನ್ನೂರು ಯೂರೋ ದಾಟುತ್ತದೆ. ನೆರೆಯ ತೋಟಗಳಾದ ಸುದ್ವಿರೋ, ಗಿರೋ, ರಿಯುಸೆಕ್ ಹೆಸರಿನ 375 ಮಿಲಿ ಲೀಟರಿನ ಅರ್ಧ ಬಾಟಲಿ ಸಾಕು. ಅದೇ ಮಂಜು, ಅದೇ ಬೂಷ್ಟು, ಬೆಲೆ ಅದರ ಹತ್ತನೇ ಒಂದು ಪಾಲಿನ ಆಸುಪಾಸು. ಫ್ರಿಜ್‌ನಲ್ಲಿ ತಣ್ಣಗೆ ಮಾಡಿ, ಚಿಕ್ಕ ಲೋಟದಲ್ಲಿ, ಊಟ ಆದ ಮೇಲೆ ಕೊಡಿ. ಒಂದೇ ದಿನ ಮುಗಿಸಬೇಕೆಂದೇನೂ ಇಲ್ಲ, ಬಿರಡೆ ಹಾಕಿ ಫ್ರಿಜ್‌ನಲ್ಲಿಟ್ಟರೆ ಒಂದು ವಾರ ಕೆಡುವುದಿಲ್ಲ.